ಏಡ್ರಿಯಾಟಿಕ್ ದಂಡೆಯ ಪಂಚಮಿ

ಜರ್ಸಿ ಸಿಟಿಯ ಅಮರೇಶ್ವರನ ಬಗ್ಗೆ ನಮ್ಮ ಕನ್ನಡದ ಜನ ಎರಡೇ ಮಾತು ಹೇಳುತ್ತಿದ್ದರು. ಒಂದು, ಮನುಷ್ಯ ಅಪ್ಪಟ ಬಂಗಾರ. ಇನ್ನೊಂದು, ಎಲ್ಲರೂ ಆಟೊಮ್ಯಾಟಿಕ್ ಓಡಿಸುವ ಅಮೆರಿಕಾದಲ್ಲಿ ಗೇರ್ ಕಾರು ಓಡಿಸುತ್ತಾನೆ. ಮೊದಲನೆಯದನ್ನು ಬಾಯಲ್ಲಿ ಹೇಳುತ್ತಿದ್ದರು, ಎರಡನೆಯದನ್ನು ಸರಿಯಾಗಿ ಬಳಸಿಕೊಳ್ಳುತ್ತಿದ್ದರು. ಯಾರದೋ ಅತ್ತೆ ಮಾವ ಇಂಡಿಯಾದಿಂದ ಬಂದಿಳಿದರೆ ಕೆನೆಡಿ ಏರ್‌ಪೋರ್ಟಿಗೆ ಅಮರೇಶ್ವರ. ಯಾರೋ ಅಪಾರ್ಟ್‌ಮೆಂಟ್ ಬಿಟ್ಟು ಸ್ವಂತ ಮನೆಗೆ ಹೊರಟರೆ ಬಾಡಿಗೆ ಟ್ರಕ್ಕಿನ ಸ್ಟಿಯರಿಂಗ್ ಹಿಡಿಯುವುದಕ್ಕೆ ಅಮರೇಶ್ವರ. ಹಾಗಂತ ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ಮೇಲೆ ಊಟಕ್ಕೆ ಕರೆದರೋ? ಅದೊಂದು ಮರೆತುಹೋಗುತ್ತಿತ್ತು. ಕೆಟ್ಟ ಜನ ಅಂತೇನೂ ಅಲ್ಲ, ಬಿಡಿ. ಸಂಸಾರಸ್ಥರು ಸಂಸಾರಸ್ಥರನ್ನು ಕರೆಯುತ್ತಾರೆ. ಹೆಂಡತಿಯಿಲ್ಲದ ಗಂಡಸನ್ನು ಕರೆದು ಯಾವ ಗುಂಪಿನಲ್ಲಿ ಕೂರಿಸುವುದು ಅನ್ನುವುದು ಅವರ ತಾಪತ್ರಯ.

ಅಮರೇಶ್ವರ ಲಿಂಗಸುಗೂರಿನ ಕಡೆಯವನು. ಹಟ್ಟಿಯ ಚಿನ್ನದ ಗಣಿಯಲ್ಲಿ ಸರ್ವೆ ಕೆಲಸ ಮಾಡುತ್ತ ಅಲ್ಲಿನ ಲಟಾರಿ ಜೀಪಿನಲ್ಲಿ ಡ್ರೈವಿಂಗ್ ಕಲಿತವನು. ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದು, ಮ್ಯಾನ್‌ಹಟನ್‌ನ ಒಂದು ಕಂಪನಿಯಲ್ಲಿ ಸೇತುವೆಗಳ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ. ಮದುವೆ ಆಗಬಾರದು ಅಂತೇನೂ ಇರಲಿಲ್ಲ. ಹೆಣ್ಣು ನೋಡುವುದಕ್ಕೆಂದೇ ಒಮ್ಮೆ ರಜೆ ಹಾಕಿ ಹೋದಾಗ ಅಪ್ಪ ತೀರಿಕೊಂಡು ಮಾತುಕತೆ ನಿಂತಿತು. ಇನ್ನೊಮ್ಮೆ ಹೋದಾಗ ಹುಡುಗಿಯೇ ಅಮೆರಿಕಾ ಒಲ್ಲೆ ಅಂದಳು. ಆಮೇಲೆ ಕೂದಲು ಉದುರಿತು, ಊರಲ್ಲಿ ಕೇಳುವವರೂ ಇಲ್ಲವಾದರು. ಜರ್ನಲ್ ಸ್ಕ್ವೇರ್ ಹತ್ತಿರದ ಒಂದು ಕೋಣೆಯ ಅಪಾರ್ಟ್‌ಮೆಂಟು, ಕೆಳಗೆ ಬೀದಿಯಲ್ಲಿ ನಿಲ್ಲಿಸಿದ ಹಳೇ ಗೇರಿನ ಡಾಟ್ಸನ್ ಕಾರು, ಮನೆಯಲ್ಲಿ ಮನುಷ್ಯರ ದನಿ ಇರಲಿ ಅಂತ ಬಾಗಿಲು ತೆಗೆದ ಕೂಡಲೇ ಹಚ್ಚುವ ಟಿವಿ. ಇಷ್ಟು ಅವನ ಸಂಸಾರ.

ಅವನನ್ನು ಮರೆಯದೆ ಊಟಕ್ಕೆ ಕರೆಯುತ್ತಿದ್ದವಳು ವೆಸ್ಟ್ ವಿಂಡ್ಸರ್‌ನ ನಳಿನಾಕ್ಷಿ ಒಬ್ಬಳೇ. ಅವಳ ಗಂಡ ಜಯರಾಮು ದೊಡ್ಡ ಕಂಪನಿಯೊಂದರ ಲ್ಯಾಬಿನಲ್ಲಿ ವಿಜ್ಞಾನಿ. ಒಬ್ಬಳೇ ಮಗಳು ಕಲಾ. ಒಂದು ಶ್ರಾವಣದಲ್ಲಿ ಅಮರೇಶ್ವರ ಅವರ ಮನೆಯ ಸಿಂಕ್ ರಿಪೇರಿ ಮಾಡಲು ಹೋಗಿ, ಅದರ ಕೆಳಗೆ ತಲೆ ತೂರಿಸಿ ಮಲಗಿದ್ದ. ನಳಿನಾಕ್ಷಿ ಕೈಯಲ್ಲೊಂದು ಬಟ್ಟಲು ಹಿಡಿದು ಬಂದಳು.

"ಅಣ್ಣಾ, ಸ್ವಲ್ಪ ಹೊರಗೆ ಬಂದು ಅಂಗಿ ತೆಗೀತೀರಾ?"

ಅಮರೇಶ್ವರ ಗಾಬರಿಬಿದ್ದು ತಲೆಯನ್ನು ಪೈಪಿಗೆ ಕುಟ್ಟಿಕೊಂಡ.

"ಇವತ್ತು ನಾಗರ ಪಂಚಮಿ ಅಲ್ವಾ? ನಮ್ಮ ಕಡೆ ಅಣ್ಣ ತಮ್ಮಂದಿರ ಬೆನ್ನಿಗೆ ಹಾಲು ಹಾಕ್ತೀವಿ. ನನ್ನ ತಮ್ಮ ಚೆಲುವರಾಜು ಮಂಡ್ಯದಲ್ಲಿ ಕೂತಿದ್ದಾನೆ. ಇಲ್ಲಿ ನನಗೆ ಇನ್ಯಾರಿದ್ದಾರೆ ಹೇಳಿ."

"ನಮ್ಮ ಕಡೆ ಹುತ್ತಕ್ಕ ಹಾಲೆರೀತಾರ್ರೀ. ಬೆನ್ನಿಗಲ್ಲ."

"ನಿಮ್ಮ ಬೆನ್ನೇನು ಹುತ್ತಕ್ಕಿಂತ ಕಮ್ಮೀನಾ? ಕೂತ್ಕೊಳ್ಳಿ ಸುಮ್ನೆ."

ಅವಳು ಫ್ರಿಜ್ಜಿನಿಂದ ತೆಗೆದ ಹಾಲಿನಲ್ಲಿ ಒಂದು ಹೂವು ಅದ್ದಿ, ಅವನ ಬೆನ್ನಿನ ಮೇಲೆ ಮೂರು ಸಲ ಎಳೆದಳು. ಆಮೇಲೆ ಒದ್ದೆ ಕೈಯಿಂದ ಬೆನ್ನು ಸವರಿ, "ಹೊಟ್ಟೆ ತಣ್ಣಗಿರಲಿ, ಬೆನ್ನು ತಣ್ಣಗಿರಲಿ" ಅಂದಳು. ಅಮರೇಶ್ವರನಿಗೆ ಮೈಯೆಲ್ಲ ಜುಮ್ಮೆಂದಿತು. ಅವ್ವ ಎರೆದು ಬೆನ್ನು ತಿಕ್ಕುತ್ತಿದ್ದ ಕಾಲ ಮುಗಿದ ಮೇಲೆ ಆ ಜಾಗಕ್ಕೆ ಯಾರ ಕೈಯೂ ತಾಗಿರಲಿಲ್ಲ. ಒಂಟಿ ಮನುಷ್ಯ ಎಷ್ಟೇ ಸರ್ಕಸ್ ಮಾಡಿದರೂ ಬೆನ್ನಿನ ನಟ್ಟನಡುವಿಗೆ ಅವನ ಕೈ ಎಟುಕುವುದಿಲ್ಲ, ಸೋಪು ಕೂಡ ಎಟುಕುವುದಿಲ್ಲ. ಅಂದು ವಾಪಸ್ ಬರುವಾಗ ರೂಟ್ ಒನ್ ಹೆದ್ದಾರಿ ಪಕ್ಕದ ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿಕೊಂಡು ಅಮರೇಶ್ವರ ಮಗುವಿನ ಹಾಗೆ ಅತ್ತುಬಿಟ್ಟ.

ಅಲ್ಲಿಂದ ಮುಂದೆ ಪ್ರತಿ ಪಂಚಮಿಗೂ ಅವನು ಒಂದು ಸೀರೆ ಹಿಡಿದು ವೆಸ್ಟ್ ವಿಂಡ್ಸರ್‌ಗೆ ಹೋಗಲೇಬೇಕು, ಅವಳು ಹಾಲು ಹಾಕಲೇಬೇಕು. ಅವನ ಪಾಲಿಗೆ ವರ್ಷಕ್ಕೆ ಅದೊಂದೇ ಹಬ್ಬ. ಉಳಿದ ದಿನಗಳನ್ನು ಅವನು ಹೇಗೋ ತಳ್ಳುತ್ತಿದ್ದ.

ಎಂಬತ್ತೇಳರ ಯುಗಾದಿ. ಕನ್ನಡದವರೆಲ್ಲ ಒಂದು ಶಾಲೆಯ ಸಭಾಂಗಣದಲ್ಲಿ ಸೇರಿದ್ದರು. ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ಜಯರಾಮು ಬಂದು ಅವನ ಹೆಗಲ ಮೇಲೆ ಕೈ ಹಾಕಿದ.

"ಅಮರೇಶ್, ಜುಲೈನಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ನನಗೊಂದು ಕಾನ್ಫರೆನ್ಸ್ ಇದೆ. ಅದು ಮುಗಿದ ಮೇಲೆ ಒಂದು ಕಾರು ರೆಂಟ್ ಮಾಡಿ, ಏಡ್ರಿಯಾಟಿಕ್ ಸಮುದ್ರದ ದಂಡೆ ಹಿಡಿದು ಯುಗೊಸ್ಲಾವಿಯಾದಲ್ಲಿ ಡುಬ್ರೋವ್ನಿಕ್ ತನಕ ಹೋಗೋಣ ಅಂತ. ಫ್ಯಾಮಿಲಿ ಟ್ರಿಪ್. ನೀವೂ ಬನ್ರೀ. ಯು ಆರ್ ಫ್ಯಾಮಿಲಿ!"

ಹಿಂದಿನಿಂದ ನಳಿನಾಕ್ಷಿ ಸೇರಿಸಿದಳು: "ಪಂಚಮಿ ಈ ಸಲ ಅಲ್ಲೇ ಬರುತ್ತೆ ಅಣ್ಣ. ಯಾವ ದೇಶಕ್ಕೆ ಹೋದ್ರೂ ನಿಮ್ಮ ಬೆನ್ನಿಗೆ ಬಿಡುಗಡೆ ಇಲ್ಲ, ತಿಳ್ಕೊಳ್ಳಿ."

ಅಮರೇಶ್ವರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನವನಿಗೆ, ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಯಲ್ಲಿ ಸಿಕ್ಕ ಮುದುಕಿಗೆ, ಕಂಡಕಂಡವರಿಗೆಲ್ಲ ಹೇಳಿದ್ದೇ ಹೇಳಿದ್ದು: "ಗೋಯಿಂಗ್ ಟು ಯುರೋಪ್ ವಿತ್ ಮೈ ಫ್ಯಾಮಿಲಿ." ಒಂದು ಹ್ಯಾಟು ಕೊಂಡ. ಈಜು ಬಾರದಿದ್ದರೂ ಈಜುವ ಚಡ್ಡಿ ಕೊಂಡ. ಪಂಚಮಿಗೆ ಕೊಡಲು ಎಡಿಸನ್‌ನ ಅಂಗಡಿಯಿಂದ ಒಂದು ತಿಳಿಹಸಿರು ಸೀರೆ ಕೊಂಡು ಸೂಟ್‌ಕೇಸಿನ ತಳದಲ್ಲಿ ಇಟ್ಟುಕೊಂಡ.

ಟ್ರಿಯೆಸ್ಟ್‌ನಲ್ಲಿ ಇಳಿದ ಮೊದಲ ದಿನವೇ ಅಡುಗೆಯ ಕಥೆ ಮುಗಿಯಿತು. ನಳಿನಾಕ್ಷಿ ಜರ್ಸಿಯಿಂದ ಎಲೆಕ್ಟ್ರಿಕ್ ರೈಸ್ ಕುಕ್ಕರ್ ಹೊತ್ತು ತಂದಿದ್ದಳು. ಅಮೆರಿಕಾದ ಕುಕ್ಕರಿಗೆ ನೂರಹತ್ತು ವೋಲ್ಟು ಸಾಕು, ಯುರೋಪಿನ ಗೋಡೆಯಲ್ಲಿ ಇರುವುದು ಅದರ ಎರಡರಷ್ಟು. ಪ್ಲಗ್ ಚುಚ್ಚಿದ್ದೇ ತಡ, ಢಬ್ ಅಂದು ಹೊಗೆ ಬಂತು. ಇಬ್ಬರು ಇಂಜಿನಿಯರಿಂಗ್ ಓದಿದ ಗಂಡಸರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು ಅನ್ನುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಆಮೇಲೆ ಉದ್ದಕ್ಕೂ ಬ್ರೆಡ್ಡು, ಟೊಮೇಟೊ, ಮೊಸರು, ಉಪ್ಪಿನಕಾಯಿ, ಚಟ್ನಿಪುಡಿ.

ಕಾನ್ಫರೆನ್ಸ್ ಮುಗಿದು ಕಾರು ತೆಗೆದುಕೊಳ್ಳಲು ಹೋದರು. ಸಣ್ಣ ಕಾರು, ರೆಕ್ಸಿನ್ ಸೀಟು, ಎ.ಸಿ. ಇಲ್ಲ, ನಡುವೆ ಗೇರಿನ ಕೋಲು. ಜಯರಾಮು ನ್ಯೂಜೆರ್ಸಿಗೆ ಬಂದ ಮೇಲೆ ಡ್ರೈವಿಂಗ್ ಕಲಿತವನು, ಕ್ಲಚ್ ಮೇಲೆ ಕಾಲಿಟ್ಟವನಲ್ಲ. ಕೀಲಿಯನ್ನು ಕೈಗೆ ತೆಗೆದುಕೊಂಡ ಹಾಗೇ ಅಮರೇಶ್ವರನ ಕೈಗೆ ಕೊಟ್ಟು, ಮ್ಯಾಪ್ ಬಿಚ್ಚಿಕೊಂಡು ಪಕ್ಕದ ಸೀಟಿನಲ್ಲಿ ಕೂತ. ಅಮರೇಶ್ವರನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಮನೆಯವರಲ್ಲಿ ಯಾರಿಗೆ ಬರುತ್ತದೋ ಅವರು ಓಡಿಸಬೇಕು, ಅಷ್ಟೇ ಅಂದುಕೊಂಡ.

ಗಡಿಯಲ್ಲಿ ಒಂದು ತಮಾಷೆ ನಡೆಯಿತು. ಜಯರಾಮುವಿನ ಮನೆಯವರದೆಲ್ಲ ಅಮೆರಿಕಾದ ಪಾಸ್‌ಪೋರ್ಟು. ಅಮರೇಶ್ವರ ಮಾತ್ರ ಇವತ್ತಲ್ಲ ನಾಳೆ ಊರಿಗೆ ಮರಳುತ್ತೇನೆ ಅಂತ ಇಂಡಿಯಾದ್ದನ್ನೇ ಉಳಿಸಿಕೊಂಡಿದ್ದ. ಗಡಿಯ ಪೊಲೀಸಿನವನು ಅಮೆರಿಕಾದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಇಂಡಿಯಾದ್ದನ್ನು ಕಂಡ ಕೂಡಲೇ "ಇಂಡಿಯಾ!" ಅಂತ ಹಲ್ಲು ಬಿಟ್ಟು ಸಲ್ಯೂಟ್ ಹೊಡೆದ. ಆಗ ಆ ದೇಶಕ್ಕೂ ನಮಗೂ ಭಾರಿ ದೋಸ್ತಿ. ಹಿಂದಿನ ಸೀಟಿನಿಂದ ನಳಿನಾಕ್ಷಿ ಚಪ್ಪಾಳೆ ತಟ್ಟಿದಳು. "ನೋಡಿದ್ರಾ, ನಮ್ಮಣ್ಣನ ದೆಸೆಯಿಂದ ನಮ್ಮನ್ನ ಒಳಗೆ ಬಿಟ್ರು!"

ದಾರಿ ಅಂದರೆ ಅದು ದಾರಿ. ಎಡಕ್ಕೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಬೂದುಬಣ್ಣದ ಕಲ್ಲುಗುಡ್ಡ, ಬಲಕ್ಕೆ ಕಣ್ಣು ಕುಕ್ಕುವ ನೀಲಿ ಸಮುದ್ರ. ಮಧ್ಯೆ ಒಂದೊಂದು ತಿರುವಿಗೂ ಗೇರ್ ಬದಲಿಸಬೇಕಾದ ಇಕ್ಕಟ್ಟಿನ ರಸ್ತೆ. ಬಿಸಿಲೋ, ದೇವರೇ! ಕಿಟಕಿ ಇಳಿಸಿದರೆ ಒಲೆಯ ಬಾಯಿ ತೆರೆದ ಹಾಗೆ ಗಾಳಿ. ಕಲಾಗೆ ಹದಿನಾಲ್ಕು ವರ್ಷ, ಕಿವಿಗೆ ವಾಕ್‌ಮನ್ ಸಿಕ್ಕಿಸಿಕೊಂಡು ಮುಖ ಗಂಟು ಹಾಕಿಕೊಂಡಿದ್ದಳು. ಜಯರಾಮು ಒದ್ದೆ ಟವಲ್ ತಲೆಗೆ ಸುತ್ತಿಕೊಂಡು ನರಳುತ್ತಿದ್ದ. ಅಮರೇಶ್ವರ ಒಬ್ಬನೇ ಗೆಲುವಾಗಿದ್ದ.

"ಇದೇನ್ ಬಿಸಿಲ್ರೀ? ನಮ್ಮ ರಾಯಚೂರ ಕಡಿ ಬರ್ರಿ, ತೋರಸ್ತೀನಿ," ಅನ್ನುತ್ತಿದ್ದ. ಬೆನ್ನು ರೆಕ್ಸಿನ್ನಿಗೆ ಅಂಟಿ, ಬೆವರು ಸೊಂಟದವರೆಗೆ ಹರಿಯುತ್ತಿತ್ತು. ಆಗಲಿ, ಇನ್ನೇನು ಪಂಚಮಿ ಬಂತು ಅಂದುಕೊಳ್ಳುತ್ತಿದ್ದ.

ಆ ದಂಡೆಯ ಉದ್ದಕ್ಕೂ ಮನೆಮಂದಿಯೇ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಝಾದರ್ ಊರಿನಲ್ಲಿ ಇಳಿದುಕೊಂಡ ಮನೆಯಾಕೆ ಅಮರೇಶ್ವರನ ಕಡೆ ಬೆರಳು ತೋರಿಸಿ ಇವರು ಯಾರು ಎಂದು ಕೇಳಿದಾಗ ನಳಿನಾಕ್ಷಿ, "ಬ್ರದರ್. ಮೈ ಬ್ರದರ್," ಅಂದಳು. ಆಕೆ ತನ್ನ ಭಾಷೆಯಲ್ಲಿ ಏನೋ ಅಂದು ಅಮರೇಶ್ವರನ ಕೆನ್ನೆ ಹಿಂಡಿದಳು. ಆ ರಾತ್ರಿ ಸೆಖೆಯಲ್ಲೂ ಅವನಿಗೆ ಗಡದ್ದಾಗಿ ನಿದ್ದೆ ಬಂತು.

ಹೀಗೆ ಎಲ್ಲ ಸುಖವಾಗಿ ನಡೆಯುತ್ತಿತ್ತು. ಮಕರ್ಸ್ಕಾ ಕಡೆಗೆ ಹೋಗುವ ದಿನ ಮಧ್ಯಾಹ್ನ ಊಟವಾದ ಮೇಲೆ ಜಯರಾಮು, ತಲೆ ಸಿಡಿಯುತ್ತಿದೆ ಅಂತ ಹಿಂದಿನ ಸೀಟಿಗೆ ಹೋಗಿ ಮಲಗಿದ. ಪಕ್ಕದಲ್ಲಿ ನಳಿನಾಕ್ಷಿಯೂ ತೂಕಡಿಸಿದಳು. ಮುಂದೆ ಕಲಾ ಬಂದು ಕೂತಳು. ವಾಕ್‌ಮನ್‌ನ ಬ್ಯಾಟರಿ ಮುಗಿದಿತ್ತು ಅಂತ ಕಾಣುತ್ತದೆ, ಹುಡುಗಿ ಅಪರೂಪಕ್ಕೆ ಮಾತಿಗೆ ಇಳಿದಳು.

"ಅಂಕಲ್, ಆರ್ ಯೂ ಟೈರ್ಡ್?"

"ಇಲ್ಲವ್ವಾ. ನನಗೇನಾಗ್ಯಾದ? ಆರಾಮ ಇದ್ದೀನಿ."

"ಯು ಡ್ರೈವ್ ಆಲ್ ಡೇ. ಇಟ್ಸ್ ನಾಟ್ ಫೇರ್. ಐ ಟೋಲ್ಡ್ ಡ್ಯಾಡ್." ಅವಳಿಗೆ ನಿಜವಾಗಿ ಅಯ್ಯೋ ಅನ್ನಿಸಿತ್ತು, ಪಾಪ. "ಹಿ ಆಸ್ಕ್ಡ್ ಸತ್ಯನಾರಾಯಣ ಅಂಕಲ್ ಫಸ್ಟ್, ಯು ನೋ. ಬಟ್ ಹಿ ಸೆಡ್ ನೋ. ಸೋ ಡ್ಯಾಡ್ ಸೆಡ್, ಆಸ್ಕ್ ಅಮರೇಶ್, ಹಿ ಕ್ಯಾನ್ ಡ್ರೈವ್ ಸ್ಟಿಕ್. ಹಿ ಹ್ಯಾಸ್ ನೋ ಫ್ಯಾಮಿಲಿ ಎನಿವೇ."

ಜರ್ಸಿಯ ಮನ್ರೋ ಊರಿನಲ್ಲಿದ್ದ ಕನ್ನಡದವನೇ ಆದ ಸತ್ಯನಾರಾಯಣನಿಗೂ ಗೇರ್ ಕಾರು ಬರುತ್ತದೆ. ಅವನನ್ನು ಮೊದಲು ಕೇಳಿದ್ದಾರೆ. ಅವನು ಒಲ್ಲೆ ಅಂದ ಮೇಲೆ, ಹೇಗಿದ್ದರೂ ಹೆಂಡತಿ ಮಕ್ಕಳಿಲ್ಲದವನು, ಕರೆದರೆ ಬರುತ್ತಾನೆ ಅಂತ ಇವನನ್ನು ಕರೆದಿದ್ದಾರೆ. ಅಮರೇಶ್ವರನಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಒಂದು ಶಬ್ದವೂ ತಪ್ಪದೆ ಎದೆಗೆ ಬಂದು ನಾಟಿತು. ಎದುರಿಗೆ ತಿರುವು ಬಂತು, ಗೇರ್ ಇಳಿಸಿದ. ಇನ್ನೊಂದು ಬಂತು, ಮತ್ತೆ ಇಳಿಸಿದ.

"ಅಂಕಲ್, ಯು ಓಕೆ?"

"ಹೂಂ," ಅಂದ.

ಯುಗಾದಿಯ ದಿನ ಹೆಗಲ ಮೇಲೆ ಬಿದ್ದ ಕೈ ನೆನಪಾಯಿತು. ಲಾಂಡ್ರಿ ಕೋಣೆಯ ಮುದುಕಿ ನೆನಪಾದಳು, ಥೂ! ಎಷ್ಟು ಜನರ ಮುಂದೆ ಮೈ ಫ್ಯಾಮಿಲಿ, ಮೈ ಫ್ಯಾಮಿಲಿ ಅಂತ ಕುಣಿದಿದ್ದ. ಜಯರಾಮು ಅಂದದ್ದು ಸುಡಲಿ, ನಳಿನಾಕ್ಷಿಗೂ ಇದು ಗೊತ್ತಿತ್ತೇ? ಬೆನ್ನಿಗೆ ಬಿಡುಗಡೆ ಇಲ್ಲ ಅಂದವಳು, ಡ್ರೈವರ್ ಕೈಬಿಟ್ಟು ಹೋಗದಿರಲಿ ಅಂತ ಅಂದಳೇ? ಅಲ್ಲಿಂದ ಮುಂದೆ ಸಮುದ್ರ ಬಲಗಡೆ ಇತ್ತೋ ಎಡಗಡೆ ಇತ್ತೋ ಅವನಿಗೆ ಗೊತ್ತಾಗಲಿಲ್ಲ.

ಸಂಜೆಗೆ ಮಕರ್ಸ್ಕಾದ ಹತ್ತಿರ ಒಂದು ಮನೆ ಸಿಕ್ಕಿತು. ಕಪ್ಪು ಬಟ್ಟೆ ಉಟ್ಟ ಒಬ್ಬ ಅಜ್ಜಿ, ಅಂಗಳದಲ್ಲಿ ಅಂಜೂರದ ಗಿಡ, ಬೇಲಿಯ ಉದ್ದಕ್ಕೂ ನಮ್ಮ ಊರಿನದೇ ಅನ್ನಿಸುವ ಕೆಂಪು ಕಣಗಿಲೆ. ಮಿಕ್ಕವರು ಮೇಲೆ ಕೋಣೆ ನೋಡಲು ಹೋದರು. ಅಮರೇಶ್ವರ ಎರಡೂ ಕೈಯಲ್ಲಿ ಸೂಟ್‌ಕೇಸ್ ಹಿಡಿದು ಮೆಟ್ಟಿಲ ಬುಡಕ್ಕೆ ಬಂದಾಗ ಅಜ್ಜಿ ಅವನನ್ನು ತಡೆದು, ಮೇಲಿನ ಕಡೆ ತೋರಿಸಿ, ಅವರಿಗೆ ನೀನೇನಾಗಬೇಕು ಅನ್ನುವ ಹಾಗೆ ಕೈ ತಿರುಗಿಸಿದಳು.

"ಶೋಫರ್," ಅಂದ ಅಮರೇಶ್ವರ. ಡ್ರೈವರ್ ಅನ್ನುವುದಕ್ಕೆ ಆ ನಾಡಿನಲ್ಲೂ ತಿಳಿಯುವ ಮಾತು ಅದು.

"ಆ, ಶೋಫರ್!" ಅಜ್ಜಿ ತಲೆಯಾಡಿಸಿದಳು. ಮೇಲಿನ ಎರಡು ಕೋಣೆಗಳನ್ನು ಮನೆಯವರಿಗೆ ಕೊಟ್ಟು, ಅವನಿಗೆ ಅಡುಗೆಮನೆಯ ಹಿಂದೆ, ದ್ರಾಕ್ಷಿ ಬಳ್ಳಿಯ ಕೆಳಗೆ ಒಂದು ಮಂಚ ತೋರಿಸಿದಳು. ಒಂದು ತಟ್ಟೆಯಲ್ಲಿ ಬ್ರೆಡ್ಡು, ಚೀಸು, ಒಂದು ಲೋಟ ನೀರು ತಂದಿಟ್ಟಳು. ಮೇಲಿನಿಂದ ನಳಿನಾಕ್ಷಿ, "ಅಣ್ಣಾ, ಊಟಕ್ಕೆ ಬನ್ನಿ," ಅಂತ ಕೂಗಿದಳು. ಹಸಿವಿಲ್ಲ, ಸೆಖೆ, ಇಲ್ಲೇ ಮಲಗುತ್ತೇನೆ ಅಂದ. ಅವಳಿಗೂ ದಣಿವಾಗಿತ್ತು, ಒತ್ತಾಯ ಮಾಡಲಿಲ್ಲ. ಮನೆಯವನಾಗಿದ್ದರೆ ಒತ್ತಾಯ ಮಾಡುತ್ತಿದ್ದಳು ಅಂತ ಅದನ್ನೂ ಅಮರೇಶ್ವರ ಲೆಕ್ಕಕ್ಕೆ ಸೇರಿಸಿಕೊಂಡ. ನೊಂದ ಮನಸ್ಸಿಗೆ ಎಲ್ಲವೂ ಸಾಕ್ಷಿಯೇ.

ಬೆಳಗಾದರೆ ಪಂಚಮಿ.

ಅಮರೇಶ್ವರ ಅಂಗಳದಲ್ಲಿ ಕಾರಿನ ಗಾಜು ಒರೆಸುತ್ತಿದ್ದ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ನಳಿನಾಕ್ಷಿ ತಲೆಗೆ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟು, ಅಜ್ಜಿಯ ಹತ್ತಿರ ಕೇಳಿ ತಂದ ಹಾಲಿನ ಬಟ್ಟಲು ಹಿಡಿದು ಮೆಟ್ಟಿಲಿಳಿದು ಬಂದಳು. ದಾರಿಯಲ್ಲೇ ಬೇಲಿಯಿಂದ ಒಂದು ಕಣಗಿಲೆ ಕಿತ್ತುಕೊಂಡಳು.

"ಅಣ್ಣಾ, ಅಂಗಿ ತೆಗೀರಿ. ಮರ್ತಿದೀನಿ ಅಂದ್ಕೊಂಡ್ರಾ?"

ಇಡೀ ವರ್ಷ ಅವನು ಕಾದದ್ದು ಈ ಮಾತಿಗೆ. ಕೈ ತನ್ನಷ್ಟಕ್ಕೆ ಮೇಲಿನ ಗುಂಡಿಗೆ ಹೋಗಿತ್ತು. ಆದರೆ ಬಾಯಿ ಬೇರೆಯೇ ಆಡಿತು.

"ಬ್ಯಾಡ ಬಿಡ್ರೀ."

"ಯಾಕಣ್ಣ? ಹುಷಾರಿಲ್ವಾ?"

"ಡ್ರೈವರನ ಬೆನ್ನಿಗ್ಯಾಕ ಹಾಲು? ಹೊತ್ತಾಗ್ತದ, ಹೊಂಡ್ರಿ."

ನಳಿನಾಕ್ಷಿ ಬಟ್ಟಲು ಹಿಡಿದ ಹಾಗೇ ನಿಂತಳು. ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಲಿನಿಂದ ಜಯರಾಮು, "ಅಮರೇಶ್, ಲಗೇಜ್!" ಅಂತ ಕೂಗಿದ. ಸರಿಯಾದ ಹೊತ್ತಿಗೆ ಕೂಗಿದ, ಮಹಾರಾಯ! "ಬಂದೇರಿ," ಅಂದು ಅಮರೇಶ್ವರ ಅವಳ ಮುಖ ನೋಡದೆ ಮೆಟ್ಟಿಲು ಹತ್ತಿಬಿಟ್ಟ. ಸೂಟ್‌ಕೇಸುಗಳನ್ನು ಹೊತ್ತು ಕೆಳಗೆ ಬಂದಾಗ ಅವಳು ಕಾರಿನ ಬಾಗಿಲು ಮುಚ್ಚುತ್ತಿದ್ದಳು. ಕೈಯಲ್ಲಿ ಬಟ್ಟಲು ಖಾಲಿ ಇತ್ತು. ಅಂಜೂರದ ಗಿಡದ ಬುಡಕ್ಕೆ ಸುರಿದಿರಬೇಕು ಅಂದುಕೊಂಡ. ತಿಳಿಹಸಿರು ಸೀರೆ ಸೂಟ್‌ಕೇಸಿನ ತಳದಲ್ಲೇ ಉಳಿಯಿತು.

ಆ ದಿನದ ಪ್ರಯಾಣವನ್ನು ಏನು ಹೇಳಲಿ! ಕಾರು ಹೊರಟು ಬಿಸಿಲೇರುತ್ತಿದ್ದ ಹಾಗೆ ಒಳಗೆ ಒಂದು ವಾಸನೆ ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಮೂಗು ಮುಚ್ಚುವಷ್ಟು. ಹುಳಿತ ಹಾಲಿನ ವಾಸನೆ.

"ಕಲಾ, ಮೊಸರು ಚೆಲ್ಲಿದೀಯಾ?" ಅಂತ ಜಯರಾಮು ಗದರಿದ.

"ಇಟ್ ವಾಸಂಟ್ ಮಿ!"

"ಮತ್ತೆ ಏನಿದು ನಾತ? ಯಾರ ಕೆಲಸ ಇದು?"

"ಡ್ಯಾಡ್, ಐ ಸ್ವೇರ್!"

ನಳಿನಾಕ್ಷಿ ಸಮುದ್ರದ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದಳು, ಪಿಟ್ಟೆನ್ನಲಿಲ್ಲ. ಡುಬ್ರೋವ್ನಿಕ್ ಮುಟ್ಟುವವರೆಗೂ ಅಪ್ಪ ಮಗಳ ಜಗಳ, ಬಿಸಿಲು, ಆ ವಾಸನೆ. ಅಮರೇಶ್ವರನ ಬೆನ್ನು ಸೀಟಿಗೆ ಪಚಪಚ ಅಂಟುತ್ತಿತ್ತು. ಬೆವರು ಅಂದುಕೊಂಡು ಸುಮ್ಮನೆ ಓಡಿಸಿದ. ಡುಬ್ರೋವ್ನಿಕ್‌ನ ಕೋಟೆಗೋಡೆಯ ಮೇಲೆ ಎಲ್ಲರೂ ನಡೆದು ಬಂದರು. ಅವನು ಕಾರಿಗೆ ನೆರಳು ಸಿಕ್ಕಿಲ್ಲ, ಇಲ್ಲೇ ಇರುತ್ತೇನೆ ಅಂತ ಕೆಳಗೇ ಕೂತ. ಈಜುವ ಚಡ್ಡಿ ಮಡಿಕೆ ಬಿಚ್ಚದೆ ಜರ್ಸಿ ಸಿಟಿಗೆ ವಾಪಸ್ ಬಂತು.

ಮುಂದಿನ ವರ್ಷ ಪಂಚಮಿಗೆ ಮುಂಚೆ ನಳಿನಾಕ್ಷಿ ಫೋನ್ ಮಾಡಿದಳು. "ಬರ್ತೀರಾ ಅಣ್ಣ?" ಅಂತ ಮೆಲ್ಲಗೆ ಕೇಳಿದಳು. ಆಫೀಸಿನಲ್ಲಿ ಕೆಲಸ ಭಾಳ ಅದ ಅಂದ. ಅವಳು "ಸರಿ ಅಣ್ಣ" ಅಂದು ಫೋನ್ ಇಟ್ಟಳು. ಇನ್ನೊಮ್ಮೆ ಕರೆದರೆ ಹೋಗೋಣ ಅಂತ ಇವನು ಕಾದ. ಬೇಡವೆಂದವರನ್ನು ಎಷ್ಟು ಸಲ ಕರೆಯುವುದು ಅಂತ ಅವಳು ಸುಮ್ಮನಾದಳು. ಆಮೇಲೆ ಜಯರಾಮುವಿಗೆ ಟೆಕ್ಸಸ್ಸಿನ ಹ್ಯೂಸ್ಟನ್‌ನಲ್ಲಿ ಕೆಲಸವಾಗಿ ಅವರು ಊರೇ ಬಿಟ್ಟರು. ನ್ಯೂವರ್ಕ್ ಏರ್‌ಪೋರ್ಟಿಗೆ ಬಿಟ್ಟು ಬಂದದ್ದು ಯಾರು ಅಂತ ಬೇರೆ ಹೇಳಬೇಕೆ? "ಬರ್ತೀನಿ ಅಣ್ಣ," ಅಂದಳು. "ಹೂಂ," ಅಂದ. ಹಿಂದೆ ನಿಂತ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ.

ಅಲ್ಲಿಂದ ಅಮರೇಶ್ವರನ ವರ್ಷಕ್ಕೆ ಒಂದು ಹಬ್ಬವೂ ಇಲ್ಲವಾಯಿತು. ಶ್ರಾವಣ ಬಂದರೆ ಕ್ಯಾಲೆಂಡರಿನ ಕಡೆ ನೋಡುತ್ತಿರಲಿಲ್ಲ. ಆ ಸೀರೆಯನ್ನು ಯಾರಿಗೂ ಕೊಡಲಿಲ್ಲ.

ತೊಂಬತ್ತೊಂದರ ನವೆಂಬರ್, ಒಂದು ಭಾನುವಾರ ಸಂಜೆ. ಟಿವಿಯಲ್ಲಿ ಯುಗೊಸ್ಲಾವಿಯಾದ ಯುದ್ಧದ ಸುದ್ದಿ ಬರುತ್ತಿತ್ತು. ಡುಬ್ರೋವ್ನಿಕ್‌ನ ಕೋಟೆಯ ಮೇಲೆ ಹೊಗೆ ಏಳುತ್ತಿತ್ತು. ತಾನು ಕಾರು ನಿಲ್ಲಿಸಿಕೊಂಡು ಕೂತಿದ್ದ ಜಾಗ ಎಲ್ಲಾದರೂ ಕಂಡೀತೇನೋ ಅಂತ ಅಮರೇಶ್ವರ ಪರದೆಯ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದ. ಫೋನ್ ಹೊಡೆದುಕೊಂಡಿತು.

"ಅಣ್ಣಾ, ಟಿವಿ ನೋಡಿದ್ರಾ?"

ಹೆಸರು ಹೇಳಬೇಕಾಗಿರಲಿಲ್ಲ. ಅವನನ್ನು ಹಾಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ.

"ನೋಡಾಕತ್ತೀನಿ, ತಂಗಿ."

"ಆ ಅಜ್ಜಿ ಏನಾದ್ರೋ. ಅಂಜೂರದ ಗಿಡ ಇತ್ತಲ್ಲ, ಆ ಮನೆ. ನೋಡ್ತಾ ನೋಡ್ತಾ ತಡೀಲಿಲ್ಲ, ನಿಮಗೆ ಫೋನ್ ಮಾಡ್ದೆ." ಆಮೇಲೆ ಅವಳೇ ಕೇಳಿದಳು: "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ಹಾಲು ಯಾಕೆ ಬೇಡ ಅಂದ್ರಿ? ನಾನೇನು ತಪ್ಪು ಮಾಡಿದ್ದೆ?"

ಅಮರೇಶ್ವರ ಹೇಳಿದ. ಕಲಾ ಅಂದದ್ದು, ಸತ್ಯನಾರಾಯಣನನ್ನು ಮೊದಲು ಕೇಳಿದ್ದು, ಸಂಸಾರ ಇಲ್ಲದವನು ಅಂದದ್ದು, ಎಲ್ಲ.

"ಅಯ್ಯೋ ಅಣ್ಣಾ," ಅಂದಳು. "ನಿಜ, ಇವರು ಸತ್ಯನಾರಾಯಣ್‌ನ ಕೇಳಿದ್ರು. ಇವರಿಗೆ ಡ್ರೈವರ್ ಬೇಕಾಗಿತ್ತು. ಅವರು ಬರೋದಾದ್ರೆ ನಾನು ಬರಲ್ಲ, ಪಂಚಮಿಗೆ ನಮ್ಮಣ್ಣ ಮನೆಗೆ ಬರ್ತಾರೆ, ಕರೆಯೋದಾದ್ರೆ ಅವರನ್ನೇ ಕರೀರಿ ಅಂತ ನಾನು ಜಗಳ ಆಡಿದ್ದೆ. ಕಲಾಗೆ ಅದೆಲ್ಲ ಎಲ್ಲಿ ಗೊತ್ತು? ನೀವಾದ್ರೂ ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

ಕೇಳಬಹುದಾಗಿತ್ತು. ಅಂಗಳದಲ್ಲಿ ನಿಂತು ಒಂದೇ ಒಂದು ಮಾತು ಕೇಳಬಹುದಾಗಿತ್ತು.

"ಆ ಹಾಲು ಗಿಡಕ್ಕ ಹಾಕಿದ್ರೇನು?" ಅಂತ ಕೇಳಿದ. ಯಾಕೆ ಕೇಳಿದನೋ ಅವನಿಗೇ ಗೊತ್ತಿಲ್ಲ.

"ಗಿಡಕ್ಕಾ? ಆ ವಾಸನೆ ಮರೆತೇಹೋಯ್ತಾ ನಿಮಗೆ?" ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ನಿಮ್ಮ ಸೀಟಿಗೆ ಹಾಕಿದ್ದೆ ಅಣ್ಣ, ನೀವು ಬೆನ್ನು ಒರಗಿಸೋ ಕಡೆ. ಕಣಗಿಲೆ ಹೂವಲ್ಲಿ ಮೂರು ಸಲ ಎಳೆದು, ಉಳಿದದ್ದನ್ನೂ ಅಲ್ಲೇ ಸುರಿದೆ. ಬೇಡ ಅಂದ್ರೂ ನೀವು ಅಲ್ಲೇ ಬಂದು ಕೂರ್ಬೇಕಲ್ಲ. ಪಾಪ, ಕಲಾ ಬೈಸ್ಕೊಂಡ್ಳು."

ಹಿಂದಿನಿಂದ ಜಯರಾಮು, ಲಾಂಗ್ ಡಿಸ್ಟೆನ್ಸ್ ಕಣೇ, ಎಷ್ಟು ಹೊತ್ತು ಅನ್ನುವುದು ಕೇಳಿಸಿತು. "ಇಡ್ತೀನಿ ಅಣ್ಣ. ಹುಷಾರು," ಅಂದು ಅವಳು ಫೋನ್ ಇಟ್ಟಳು.

ಅಮರೇಶ್ವರ ಟಿವಿ ಆರಿಸಿದ. ಕೋಟು ಹಾಕಿಕೊಂಡು ಕೆಳಗಿಳಿದ. ಎಲ್ಲಿಗೂ ಹೋಗುವುದಿರಲಿಲ್ಲ. ಬೀದಿಯಲ್ಲಿ ನಿಂತಿದ್ದ ಡಾಟ್ಸನ್ನಿನ ಬಾಗಿಲು ತೆರೆದು ಡ್ರೈವರ್ ಸೀಟಿನಲ್ಲಿ ಕೂತ. ನವೆಂಬರಿನ ಚಳಿಗೆ ಸೀಟು ಮಂಜುಗಡ್ಡೆಯಾಗಿತ್ತು. ಆ ಬಿಸಿಲಿನ ದಿನ ಡುಬ್ರೋವ್ನಿಕ್ ಮುಟ್ಟುವ ತನಕ ಅವಳ ಹಾಲು ತನ್ನ ಬೆನ್ನ ಮೇಲೇ ಇತ್ತು. ತಾನು ಅದನ್ನು ಬೆವರು ಅಂದುಕೊಂಡಿದ್ದ. ಅವನು ಕೋಟು ಬಿಚ್ಚಿ ಪಕ್ಕದ ಸೀಟಿನ ಮೇಲಿಟ್ಟ. ಬರೀ ಅಂಗಿಯಲ್ಲಿ ಮೆಲ್ಲಗೆ ಹಿಂದಕ್ಕೆ ಒರಗಿದ. ತಣ್ಣಗೆ ಬೆನ್ನಿಗೆ ತಾಗಿತು. ಹೀಟರ್ ಹಚ್ಚದೆ ಬಹಳ ಹೊತ್ತು ಹಾಗೇ ಕೂತಿದ್ದ.